ನೀರು ಕೇಳದ ಬಳ್ಳಿ

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಒಂದು ಸ್ಕೂಟಿ ನಿಂತಿತು. ಅಪ್ಸರಕೊಂಡದ ಜಲಪಾತ ನೋಡಲು ಹೊರಟ ಹುಡುಗಿ ಇರಬೇಕು. ಹೆಲ್ಮೆಟ್ ಕೂಡ ತೆಗೆಯದೆ ನಮ್ಮ ಅಂಗಳದ ಕಡೆ ಮೊಬೈಲು ಹಿಡಿದು ಎರಡು ಫೋಟೊ ಹೊಡೆದಳು. ಬೆಳಗಿನ ಹೊತ್ತು ನಮ್ಮ ಅಂಗಳ ನೋಡಲು ಚೆನ್ನಾಗಿಯೇ ಇರುತ್ತದೆ. ಬಂಗಡೆ ಬಳ್ಳಿ ನೆಲ ಕಾಣದ ಹಾಗೆ ಹಬ್ಬಿಕೊಂಡು ತಿಳಿನೇರಳೆ ಹೂ ಬಿಟ್ಟಿರುತ್ತದೆ. ಮಧ್ಯಾಹ್ನ ಬಂದರೆ ಎಲ್ಲ ಮುದುಡಿಕೊಂಡಿರುತ್ತವೆ, ಆಗ ಯಾರೂ ಫೋಟೊ ತೆಗೆಯುವುದಿಲ್ಲ.

"ಆಂಟಿ, ಎಷ್ಟು ಚಂದ ಇದೆ! ಈ ಬಳ್ಳಿ ಎಲ್ಲಿಂದ ತಂದ್ರಿ?" ಎಂದು ಕೇಳಿದಳು.

ನಾನು ಹಲ್ಲುಜ್ಜಿ ಬಾಯಿ ಮುಕ್ಕಳಿಸುತ್ತಿದ್ದೆ. ನೀರು ಉಗಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ನರ್ಸರಿಯಿಂದ" ಎಂದೆ.

"ಯಾವ ನರ್ಸರಿ?"

"ಅದು ಮುಚ್ಚಿಹೋಯ್ತಮ್ಮ."

ನೋಡಿ, ಇಲ್ಲದ ನರ್ಸರಿಯೊಂದನ್ನು ತೆರೆದು, ವ್ಯಾಪಾರ ನಡೆಸಿ, ಬಾಗಿಲು ಹಾಕಿಸುವಷ್ಟು ನಾನು ಸುಳ್ಳಿನಲ್ಲಿ ಪಳಗಿಬಿಟ್ಟಿದ್ದೆ. ಹುಡುಗಿ ಹೊರಟುಹೋದಳು. ನಾನು ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿದ ಬಾಯಿ ಇದು. ನಾಚಿಕೆಯಾಯಿತು. ನಿಮ್ಮಲ್ಲಿ ಯಾರಾದರೂ ಕೇಳಬಹುದು, ಒಂದು ಬಳ್ಳಿಯ ವಿಷಯಕ್ಕೆ ಇಷ್ಟೊಂದು ನಾಚಿಕೆ ಯಾಕೆ ಎಂದು. ಅದನ್ನೇ ಹೇಳಬೇಕು ಅಂತ ಕೂತಿದ್ದೇನೆ. ಆದರೆ ನನಗೆ ನೇರವಾಗಿ ಹೇಳಿ ಅಭ್ಯಾಸವಿಲ್ಲ, ಸ್ವಲ್ಪ ಸುತ್ತು ಬಳಸಿ ಬರುತ್ತೇನೆ, ಸಹಿಸಿಕೊಳ್ಳಿ.

ಐದು ವರ್ಷದ ಹಿಂದೆ ನಾನೂ ನನ್ನ ಯಜಮಾನರೂ ಹೊನ್ನಾವರದಿಂದ ಅಪ್ಸರಕೊಂಡದ ಕಡೆ ಹೋಗುವ ದಾರಿಯ ಗುಡ್ಡೆಯ ಮೇಲೆ ಮನೆ ಕಟ್ಟಿಸಿದೆವು. ಜಾಗ ಅಗ್ಗವಾಗಿ ಸಿಕ್ಕಿತ್ತು. ಯಾಕೆ ಅಗ್ಗ ಎನ್ನುವುದು ಹಾರೆ ಹಾಕಿದ ದಿನ ತಿಳಿಯಿತು. ಅಡಿಯೆಲ್ಲ ಚಿರೇಕಲ್ಲು. ಮೇಲೆ ಒಂದು ಗೇಣು ಕೆಂಪು ಜಲ್ಲಿಮಣ್ಣು. ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ಕೊಡಪಾನದ ತಳ ಕಲ್ಲಿಗೆ ಬಡಿಯುತ್ತದೆ. ಅದರ ಮೇಲೆ ಯಜಮಾನರಿಗೆ ಮೊಣಕಾಲು ನೋವು, ನನಗೆ ಸೊಂಟ. ಹೀಗಾಗಿ ನೀರು ಕೇಳದ, ಕಳೆ ಕೀಳುವುದು ಬೇಡದ, ನಮ್ಮಷ್ಟಕ್ಕೆ ನಮ್ಮನ್ನು ಬಿಡುವ ತೋಟ ಮಾಡಬೇಕು ಎಂದು ನಿಶ್ಚಯಿಸಿದೆ. ಸೋಮಾರಿತನ ಎನ್ನುವ ಬದಲು ಪರಿಸರಪ್ರೇಮ ಎಂದು ಹೇಳಿಕೊಂಡರೆ ಕೇಳುವವರಿಗೂ ಗೌರವ ಬರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಕುಮಟಾದಲ್ಲಿತ್ತು. ಕುಮಟಾದಲ್ಲಿ ನನ್ನ ಅಕ್ಕನ ಮನೆ. ಅಕ್ಕನ ಮನೆಯ ಮುಂದೆ ಲಾನು. ಲಾನಿಗೆ ನೀರು ಬಿಡಲು ಒಬ್ಬ ಆಳು. ಅಕ್ಕ ಅದರ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಾ ಕುಡಿಯುತ್ತ, "ನಿಂದು ಕಲ್ಲುಗುಡ್ಡೆ ಅಲ್ವೇನೇ, ಅಲ್ಲಿ ಎಂತ ಬೆಳೆಸ್ತೆ?" ಎಂದಿದ್ದಳು. ಮಾತಿನಲ್ಲಿ ಕೆಡುಕೇನೂ ಇರಲಿಲ್ಲ. ಅಕ್ಕಂದಿರು ಹಾಗೆಯೇ ಮಾತಾಡುವುದು. ಆದರೆ ಅರವತ್ತಕ್ಕೆ ಬಂದರೂ ತಂಗಿ ತಂಗಿಯೇ, ನನಗೆ ಮೈಯೆಲ್ಲ ಉರಿದುಹೋಯಿತು. ಡಿಸೆಂಬರದ ಗೃಹಪ್ರವೇಶಕ್ಕೆ ಅಕ್ಕ ಬಂದು ಗೇಟು ತೆಗೆದಾಗ ಅಂಗಳ ಹಸಿರಾಗಿರಬೇಕು ಎಂದು ಪಣ ತೊಟ್ಟೆ.

ಮೊದಲು ನಿಜವಾದ ನರ್ಸರಿಯಿಂದಲೇ ಹುಲ್ಲಿನ ಹಾಸು ತಂದು ಹಾಕಿಸಿದೆ. ಮೂರನೇ ವಾರಕ್ಕೆ ಅದು ಹಳೇ ಗೋಣಿತಾಟಿನ ಬಣ್ಣಕ್ಕೆ ಬಂತು. ಹತ್ತು ಗಂಟೆ ಹೂವಿನ ಕಡ್ಡಿ ಊರಿದೆ. ಅದು ಬದುಕಿತು, ಆದರೆ ಅಂಗೈಯಷ್ಟು ಜಾಗ ತುಂಬಲು ಎರಡು ತಿಂಗಳು ತೆಗೆದುಕೊಂಡಿತು. ಆ ಲೆಕ್ಕದಲ್ಲಿ ನಮ್ಮ ಅಂಗಳ ತುಂಬುವಾಗ ಅಕ್ಕನೂ ಇರುತ್ತಿರಲಿಲ್ಲ, ನಾನೂ ಇರುತ್ತಿರಲಿಲ್ಲ. ದೀಪಾವಳಿ ಕಳೆದಿತ್ತು. ನನಗೆ ಗಡಿಬಿಡಿ ಹತ್ತಿತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಕಡಲ ದಂಡೆಯ ಬಂಗಡೆ ಬಳ್ಳಿ. ನಮ್ಮ ಗುಡ್ಡೆ ಇಳಿದರೆ ಸಿಗುವ ದಂಡೆಯಲ್ಲಿ ಒಂದು ಉದ್ದನೆಯ ಮರಳದಿಬ್ಬ. ದಿಬ್ಬದ ಈಚೆ ಮಾದೇವಿಯ ಮನೆ. ಮಾದೇವಿಯನ್ನು ನಿಮಗೆ ಪರಿಚಯಿಸಬೇಕು. ಸುಮಾರು ನನ್ನದೇ ವಯಸ್ಸು, ಗಂಡ ದೋಣಿಯಲ್ಲಿದ್ದವನು ತೀರಿಕೊಂಡಿದ್ದಾನೆ, ಮಗಳು ನನ್ನ ಹತ್ತಿರ ನಾಲ್ಕನೇ ಇಯತ್ತೆಯವರೆಗೆ ಕಲಿತವಳು. ಮಾದೇವಿಯ ಕಸುಬು ಸಿಗಡಿ ಒಣಗಿಸುವುದು. ಸಣ್ಣ ಸಿಗಡಿಯನ್ನು ಬಹಳ ಜನ ದಂಡೆಯ ಮೇಲೆ ಹರವಿಬಿಡುತ್ತಾರೆ, ತಿನ್ನುವಾಗ ಹಲ್ಲಿಗೆ ಮರಳು, ನಮ್ಮವರ ಬಾಯಲ್ಲಿ ಹೊಯ್ಗೆ, ಸಿಗುವುದು ಆ ರುಚಿಯ ಭಾಗ ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಮಾದೇವಿ ಹಾಗಲ್ಲ. ಮಳೆಗಾಲ ಮುಗಿದ ಕೂಡಲೇ ದಿಬ್ಬದ ಮರೆಯಲ್ಲಿ ಕಣ ಮಾಡಿ, ಸಗಣಿ ಸಾರಿಸಿ, ಮೇಲೆ ಹಳೇ ಬಲೆ ಹಾಸಿ ಒಣಗಿಸುತ್ತಿದ್ದಳು. ಅವಳ ಸಿಗಡಿಯನ್ನು ತೊಳೆಯದೆ ಹುರಿಯಬಹುದು ಎಂದು ಹೊನ್ನಾವರದ ಸಂತೆಯಲ್ಲಿ ಮಾತಿತ್ತು. ಭಟ್ಕಳದಿಂದ ಬಸ್ಸು ಹತ್ತಿ ಬಂದು, ಗಲ್ಫಿಗೆ ಹೋಗುವ ಮಕ್ಕಳ ಪೆಟ್ಟಿಗೆಗೆ ಅವಳ ಸಿಗಡಿಯನ್ನೇ ಕೇಳಿ ಕಟ್ಟಿಸಿಕೊಂಡು ಹೋಗುವವರಿದ್ದರು.

ನಾನು ಹೋಗಿ ಕೇಳಿದಾಗ ಮಾದೇವಿ ಕಣ ಸಾರಿಸುತ್ತಿದ್ದಳು. ಕೈಯೆಲ್ಲ ಸಗಣಿ.

"ಬಳ್ಳಿ ಬೇಕಾ ಅಕ್ಕೋರೆ? ತಕಳಿ, ನಾನೇನು ಹಾಕಿದ್ದಾ? ಆದ್ರೆ ತುದಿ ಮಾತ್ರ ಕುಯ್ಕಳಿ. ಗಂಟು ಗಂಟಿಗೆ ಬೇರು ಬತ್ತದೆ ಅದಕ್ಕೆ. ಒಂದು ಗೋಣಿ ತುದಿ ಊರಿದ್ರೆ ಒಂದು ಮಳೆಗಾಲಕ್ಕೆ ನಿಮ್ಮ ಅಂಗಳ ಮುಚ್ಚಿಹೋಗ್ತದೆ" ಎಂದಳು. ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುವುದು ರೂಢಿ. ನಿವೃತ್ತಿಯಾದ ಮೇಲೂ ಆ ಹೆಸರು ಬಿಡುವುದಿಲ್ಲ.

"ಆತು" ಎಂದೆ. ಒಂದು ಮಳೆಗಾಲ ಎಂಬ ಮಾತು ಮಾತ್ರ ಕಿವಿಯಲ್ಲಿ ನಿಂತಿತು. ಅಕ್ಕ ಬರುವುದು ಡಿಸೆಂಬರಕ್ಕೆ, ಮುಂದಿನ ಮಳೆ ಜೂನಿಗೆ.

ಎರಡು ದಿನ ಬಿಟ್ಟು, ಮಾದೇವಿ ಸಂತೆಗೆ ಹೋಗುವ ಶನಿವಾರವನ್ನೇ ನೋಡಿ, ನಾನು ಟೆಂಪೊ ಮತ್ತು ಇಬ್ಬರು ಆಳುಗಳನ್ನು ಕರೆದುಕೊಂಡು ಹೋದೆ. ಶನಿವಾರವೇ ಯಾಕೆ ಎಂದು ಅವತ್ತು ಯಾರಾದರೂ ಕೇಳಿದ್ದರೆ, ಟೆಂಪೊ ಅವತ್ತೇ ಸಿಕ್ಕಿದ್ದು ಎನ್ನುತ್ತಿದ್ದೆ. ಆಳುಗಳು ಹಾರೆ ಹಾಕಿ ಬುಡಸಮೇತ ಎಬ್ಬಿಸಿದರು, ಚಾಪೆ ಸುತ್ತಿದ ಹಾಗೆ ಸುತ್ತಿ ಹೇರಿದರು. ಬೇರುಗಳು ಆಳೆತ್ತರ ಮರಳಿನೊಳಗೆ ಇಳಿದಿದ್ದವು. ಎರಡು ಟ್ರಿಪ್ಪಿಗೆ ದಿಬ್ಬ ಬೋಳಾಯಿತು. ಹೊರಡುವಾಗ ತಿರುಗಿ ನೋಡಿದ್ದು ನೆನಪಿದೆ. ಹಿಂದೆ ಬಿಟ್ಟದ್ದು ಬರೀ ಮರಳು ತಾನೇ, ಮರಳಿಗೆ ಎಂತ ಆಗುತ್ತದೆ ಎಂದುಕೊಂಡೆ.

ಅಂಗಳಕ್ಕೆ ತಂದು ಹಾಸಿ, ಮೊದಲ ಹದಿನೈದು ದಿನ ಮಾತ್ರ ನೀರು ಕೊಟ್ಟೆ. ಬಳ್ಳಿ ಒಂದು ಎಲೆಯನ್ನೂ ಬಾಡಿಸದೆ ಕೂತಿತು. ಗೃಹಪ್ರವೇಶದ ದಿನ ಅಕ್ಕ ಗೇಟಿನಲ್ಲಿ ನಿಂತು ಒಂದು ಗಳಿಗೆ ಮಾತಾಡಲಿಲ್ಲ. ಆ ಒಂದು ಗಳಿಗೆಗಾಗಿ ನಾನು ಅಷ್ಟೆಲ್ಲ ಮಾಡಿದ್ದು. ಆಮೇಲೆ ಅವಳು, "ಚಂದ ಆಯ್ತು ಕಣೆ. ಇದಕ್ಕೆ ನೀರು ಬೇಡ್ವಾ?" ಎಂದಳು. "ಕೇಳೂದೇ ಇಲ್ಲ" ಎಂದೆ. ಅವತ್ತು ನಾನು ಪಾಯಸವನ್ನು ಎರಡು ಸಲ ಹಾಕಿಸಿಕೊಂಡೆ.

ಆರೈಕೆ ಬೇಡದ ತೋಟ ಎಂಬುದು ಜಗತ್ತಿನಲ್ಲಿ ಇಲ್ಲ, ಇದನ್ನು ಮಾತ್ರ ನಡುವೆ ಹೇಳಿಬಿಡುತ್ತೇನೆ, ನಿಮಗೆ ಉಪಯೋಗಕ್ಕೆ ಬರಬಹುದು. ಬಂಗಡೆ ಬಳ್ಳಿಗೆ ನೀರು ಬೇಡ, ಗೊಬ್ಬರ ಬೇಡ, ನಿಜ. ಆದರೆ ತಿಂಗಳಿಗೊಮ್ಮೆ ಕತ್ತಿ ಹಿಡಿದು ತಡೆಯದಿದ್ದರೆ ಮೆಟ್ಟಿಲು ಹತ್ತುತ್ತದೆ, ಚಪ್ಪಲಿ ಸ್ಟ್ಯಾಂಡಿನೊಳಗೆ ಹೋಗುತ್ತದೆ. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಯಜಮಾನರ ಸ್ಕೂಟರಿನ ಚಕ್ರಕ್ಕೆ ಸುತ್ತಿಕೊಂಡಿರುತ್ತದೆ. ಕತ್ತರಿಸಿದರೆ ಹಾಲು ಸೋರಿ ಸೀರೆಗೆ ಕಲೆ. ಯಜಮಾನರು, "ನಿನ್ನ ಬಳ್ಳಿಗೆ ನಾವೇ ಜಾಗ ಬಿಟ್ಟುಕೊಡೂದು ಒಳ್ಳೇದು" ಎಂದು ಚೇಷ್ಟೆ ಮಾಡುತ್ತಾರೆ.

ಗೃಹಪ್ರವೇಶ ಕಳೆದು ಬಂದ ಮಾರ್ಚಿನಲ್ಲಿ ಮಾದೇವಿಯಿಂದ ತಂದ ಸಿಗಡಿಯ ಚಟ್ನಿ ಅರೆದೆ. ಮೊದಲ ತುತ್ತಿಗೇ ಯಜಮಾನರ ಹಲ್ಲಿನಲ್ಲಿ ಕರಕರ ಎಂದಿತು. ಇನ್ನೊಂದು ತುತ್ತಿಗೆ ನನ್ನದು. ಇಡೀ ಚಟ್ನಿಯನ್ನು ಚೆಲ್ಲಿದೆವು. ನನಗೆ ಸಿಟ್ಟು ಬಂತು. ತಪ್ಪು ಮಾಡಿದ ಮಕ್ಕಳ ಪಾಟಿಯನ್ನು ತರಗತಿಗೆಲ್ಲ ಎತ್ತಿ ತೋರಿಸುವ ಹಳೇ ಚಾಳಿ ನನ್ನದು. ಮುಂದಿನ ಶನಿವಾರ ಉಳಿದ ಸಿಗಡಿಯ ಪೊಟ್ಟಣ ಹಿಡಿದುಕೊಂಡು ಸಂತೆಗೆ ಹೋದೆ. ಮಾದೇವಿಯ ಬುಟ್ಟಿಯ ಮುಂದೆ ಏಳೆಂಟು ಜನ ಇದ್ದರು. ಪೊಟ್ಟಣ ಬಿಚ್ಚಿ, ಅಂಗೈ ಮೇಲೆ ಕೊಡವಿ, ಉದುರಿದ ಮರಳನ್ನು ಸುತ್ತ ತೋರಿಸಿದೆ.

"ಎಂತ ಮಾದೇವಿ ಇದು? ಮನುಷ್ಯರು ತಿನ್ನೂದಾ ಇದನ್ನ? ವಯಸ್ಸಾಯ್ತು ಅಂದ್ರೆ ಕಸುಬು ಬಿಟ್ಟುಬಿಡು. ಇದನ್ನ ಚೊಕ್ಕ ಸಿಗಡಿ ಅಂತ ಮಾರೂದು ಮೋಸ ಅಲ್ವಾ?"

ಮೋಸ ಎಂಬ ಮಾತನ್ನು ನಾನು ಆಡಿದೆ. ಹತ್ತು ಬುಟ್ಟಿಗಳಾಚೆಗೂ ಕೇಳಿಸಿರಬೇಕು. ಮಾದೇವಿ ನನ್ನ ಮುಖ ನೋಡಿದಳು. ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಪಕ್ಕದಲ್ಲಿ ಭಟ್ಕಳದ ಹೆಂಗಸೊಬ್ಬರು ಅಳೆಸಿ ಚೀಲಕ್ಕೆ ಹಾಕಿಸಿಕೊಂಡಿದ್ದ ಸಿಗಡಿಯನ್ನು ಮೆಲ್ಲಗೆ ಬುಟ್ಟಿಗೆ ಸುರಿದು, "ಬೇಡ ಬಿಡು ಮಾದೇವಿ, ಇದು ದುಬೈಗೆ ಕಳ್ಸೂದು" ಎಂದು ಹೊರಟುಹೋದರು. ಮಾದೇವಿ ಚೆಲ್ಲಿದ ನಾಲ್ಕು ಸಿಗಡಿಯನ್ನು ಒಂದೊಂದಾಗಿ ಹೆಕ್ಕಿ ಬುಟ್ಟಿಗೆ ಹಾಕಿದಳು. ನಾನು ನ್ಯಾಯ ಹೇಳಿದ ಸಮಾಧಾನದಲ್ಲಿ ತೊಂಡೆಕಾಯಿ ಕೊಂಡು ಮನೆಗೆ ಬಂದೆ.

ಮುಂದಿನ ಜನವರಿಯಲ್ಲಿ ಅಕ್ಕ ಫೋನು ಮಾಡಿದಳು. ಕುಮಟಾದಲ್ಲಿ ಅವಳು ಇರುವ ಮಹಿಳಾ ಮಂಡಳದಲ್ಲಿ ನೀರಿಲ್ಲದ ಕೈತೋಟದ ಬಗ್ಗೆ ನಾನು ಮಾತಾಡಬೇಕಂತೆ. ಅಕ್ಕ ನನ್ನನ್ನು ಕರೆಯುವುದು! ನಾನು ನಾಲ್ಕು ಹಾಳೆ ಬರೆದುಕೊಂಡೆ. ಮೊಬೈಲಿನಲ್ಲಿ ಓದಿ ವಿಜ್ಞಾನವನ್ನೂ ಸೇರಿಸಿದೆ. ಸಭೆಯ ಕುರ್ಚಿಗಳೆಲ್ಲ ತುಂಬಿದ್ದವು. ಹುಲ್ಲಿನ ಹಾಸನ್ನು ಹೀಯಾಳಿಸಿ ಒಂದೆರಡು ಸಲ ನಗಿಸಿದೆ, ಅಕ್ಕನೂ ನಕ್ಕಳು. ಆಮೇಲೆ ಬಂಗಡೆ ಬಳ್ಳಿಗೆ ಬಂದೆ. "ಈ ಬಳ್ಳಿ ಮರಳನ್ನು ಹಿಡಿದಿಡುತ್ತದೆ. ಕಡಲ ಗಾಳಿಗೆ ದಿಬ್ಬದ ಮರಳು ಹಾರಿ ಹಿಂದಿನ ಮನೆಗಳ ಮೇಲೆ ಬೀಳದಂತೆ ತಡೆಯುವುದೇ" ಎಂದು ಓದುತ್ತಿದ್ದೆ. ಅಲ್ಲಿಗೆ ನನ್ನ ನಾಲಿಗೆ ನಿಂತಿತು.

ಹಲ್ಲಿನ ನಡುವಿನ ಆ ಕರಕರ ನನಗೆ ಅಲ್ಲಿ, ಮೈಕಿನ ಮುಂದೆ ಕೇಳಿಸಿತು. ಬೋಳು ದಿಬ್ಬ ಕಂಡಿತು. ದಿಬ್ಬದ ಹಿಂದಿನ ಕಣ ಕಂಡಿತು. ಮಣ್ಣಿನ ಸವಕಳಿ ಎಂದರೇನು ಎಂಬ ಪ್ರಶ್ನೆಯನ್ನು ಪ್ರತಿ ವರ್ಷ ಪರೀಕ್ಷೆಗೆ ಕೊಟ್ಟು, ಗಿಡಗಳು ತಡೆಯುತ್ತವೆ ಎಂದು ಬರೆಯದವರಿಗೆ ಕೆಂಪು ಗೆರೆ ಎಳೆದವಳು ನಾನು. ಉತ್ತರ ನನಗೆ ಬಾಯಿಪಾಠ ಬರುತ್ತಿತ್ತು, ಅಷ್ಟೇ. ಸಂತೆಯಲ್ಲಿ ಮಾದೇವಿ ಬಾಯಿ ತೆರೆದು ಮುಚ್ಚಿದ್ದು ಯಾಕೆಂದು ತಿಳಿಯಿತು. ಮರಳು ಎಲ್ಲಿಂದ ಬಂತು ಎಂಬುದು ಅವಳಿಗೆ ಗೊತ್ತಿತ್ತು. ಬೈಯುತ್ತಿದ್ದವಳಿಗೆ ಮಾತ್ರ ಗೊತ್ತಿರಲಿಲ್ಲ.

ನೀರು ಕುಡಿದು ಭಾಷಣ ಮುಗಿಸಿದೆ. ಚಪ್ಪಾಳೆ ಹೊಡೆದರು. ಮುಂದಿನ ಸಾಲಿನ ಹೆಂಗಸೊಬ್ಬರು ಎದ್ದು, "ನೀವು ಆ ಬಳ್ಳಿ ಎಲ್ಲಿಂದ ತಂದ್ರಿ?" ಎಂದು ಕೇಳಿದರು. ಸತ್ಯ ಹೇಳಲು ಅದಕ್ಕಿಂತ ಒಳ್ಳೇ ಹೊತ್ತು ಸಿಗುತ್ತಿರಲಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದಳು, ಮುಖದ ತುಂಬ ಹೆಮ್ಮೆ. ನಾನು "ನರ್ಸರಿಯಿಂದ" ಎಂದೆ.

ಹಾಗೆ ಶುರುವಾದ ಸುಳ್ಳು ಅದು. ಅಲ್ಲಿಂದ ಮುಂದೆ ನಾನು ಮಾಡಿದ್ದು ಇನ್ನೂ ಹೇಸಿಗೆಯದು. ಸಂತೆಯಲ್ಲಿ ಮಾದೇವಿ ಕೂರುವ ಸಾಲನ್ನು ಬಿಟ್ಟು ಆಚೆ ಸಾಲಿನಿಂದ ನಡೆಯತೊಡಗಿದೆ. ಅಂಗಡಿಯ ಪ್ಯಾಕೆಟ್ ಸಿಗಡಿ ತಂದೆ. ದಂಡೆಗೆ ಹೋಗಬೇಕಾದರೆ ದೂರದ ದಾರಿ ಹಿಡಿದೆ. ಯಜಮಾನರು, "ಒಮ್ಮೆ ಹೋಗಿ ಹೇಳಿ ಬಾ, ಅವಳೇನು ತಿನ್ನೂದಿಲ್ಲ ನಿನ್ನ" ಎಂದರೂ ಹೋಗಲಿಲ್ಲ. ಬಯ್ಯುತ್ತಾಳೆ ಎಂಬ ಭಯವಲ್ಲ. ಬಯ್ಯದೆ ಬಿಟ್ಟರೆ ಎಂಬ ಭಯ. ಹೀಗೆ ಮೂರು ವರ್ಷ ಕಳೆದೆ. ಸೋಮವಾರ ಆ ಹುಡುಗಿಗೆ, ಗುರುತಿಲ್ಲದವಳಿಗೆ, ಯಾವ ಅಕ್ಕನೂ ನೋಡದಿರುವಾಗ ಅದೇ ಸುಳ್ಳು ಬಾಯಿಂದ ಉದುರಿತಲ್ಲ, ಆಗ ನನಗೆ ನನ್ನ ಮೇಲೇ ಹೇವರಿಕೆ ಬಂತು.

ಮಂಗಳವಾರ ಒಂದು ಗೋಣಿ ತುದಿ ಕತ್ತರಿಸಿ ತುಂಬಿಕೊಂಡೆ. ಗಂಟಿರುವ ತುದಿಗಳನ್ನೇ ಆರಿಸಿದೆ. ರಿಕ್ಷಾದಲ್ಲಿ ಹೋಗಿ ಮಾದೇವಿಯ ಮನೆಯ ಮುಂದೆ ಇಳಿದೆ. ದಿಬ್ಬ ತಗ್ಗಾಗಿತ್ತು. ಹಳೇ ಕಣ ಇದ್ದ ಜಾಗದಲ್ಲಿ ಮರಳು ಮೊಣಕಾಲೆತ್ತರ ಬಂದು ಕೂತಿತ್ತು. ಮನೆಯ ಹಿಂದೆ ತೆಂಗಿನಮರದ ಅಡಿಯಲ್ಲಿ ಸಣ್ಣದೊಂದು ಕಣ. ಮಾದೇವಿ ಅಲ್ಲಿ ಕೂತು ಕಡ್ಡಿ ಪೊರಕೆಯಲ್ಲಿ ಸಿಗಡಿ ಮಗುಚುತ್ತಿದ್ದಳು. ಅಲ್ಲಿಗೆ ಬಿಸಿಲು ಬರುವುದೇ ಅರ್ಧ ದಿನ.

"ಗೋಣೀಲಿ ಎಂತ ಅಕ್ಕೋರೆ?"

"ಬಂಗಡೆ ಬಳ್ಳಿ. ನಾನು ಕಿತ್ಕೊಂಡು ಹೋಗಿದ್ದು." ದಾರಿಯುದ್ದಕ್ಕೂ ಹೊಸೆದುಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ತಪ್ಪು ಮಾಡಿದೆ ಮಾದೇವಿ. ನೀನು ತುದಿ ಮಾತ್ರ ಅಂದಿದ್ದೆ. ನೀನು ಸಂತೆಗೆ ಹೋದ ದಿನ ನೋಡಿ ಬಂದು ಬುಡಸಮೇತ ತೆಗೆದೆ. ಆಮೇಲೆ ನಿನ್ನನ್ನೇ ಬೈದೆ."

ಅವಳು ಮಗುಚುವುದನ್ನು ನಿಲ್ಲಿಸಲಿಲ್ಲ. "ನೆರಳಲ್ಲಿ ಇಡಿ ಅದನ್ನ. ನಾಕು ಮಳೆ ಬೀಳ್ಲಿ, ಊರುವಾ. ಅಂಥಾ ಬೇರು ಇಳೀಲಿಕ್ಕೆ ಸುಮಾರು ವರ್ಷ ಬೇಕು ಅಕ್ಕೋರೆ" ಎಂದಳು.

"ಅವತ್ತು ಸಂತೇಲಿ ನೀನು ಒಂದು ಮಾತು ಹೇಳಬಹುದಿತ್ತಲ್ಲ?"

"ಎಂತ ಹೇಳೂದು? ನೀವು ಅಕ್ಕೋರು. ನಾನು ಹೇಳಿದ್ರೆ, ಸಿಗಡಿಲಿ ಹೊಯ್ಗೆ ಹಾಕಿದ್ದಲ್ದೆ ಅಕ್ಕೋರ ಮೇಲೆ ಸುಳ್ಳು ಹೇಳ್ತಾಳೆ ಅಂತಿದ್ರು."

ಅವಳು ಹೇಳಿದಂತೆಯೇ ಆಗುತ್ತಿತ್ತು. ಭಟ್ಕಳದವರು ಆಮೇಲೆ ಬರಲೇ ಇಲ್ಲವಂತೆ. ಬಲೆಯ ಮೇಲೆ ಸೀರೆ ಮುಚ್ಚಿ ನೋಡಿದಳಂತೆ, ಸಿಗಡಿ ಬೆವತು ವಾಸನೆ ಬಂತಂತೆ. ತೊಳೆದು ಒಣಗಿಸಿದರೆ ರುಚಿ ಹೋಯಿತಂತೆ. ಇದನ್ನೆಲ್ಲ ಅವಳು ನನ್ನ ಮುಖ ನೋಡದೆ, ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿದಳು. ನಾನು ಅಳಲು ಶುರುಮಾಡಿದೆ. ಕ್ಷಮಿಸಿದೆ ಎಂದು ಅವಳು ಹೇಳಲಿ ಎಂದು ಕಾದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮಾದೇವಿ ಕೈ ಕೊಡವಿಕೊಂಡು ಎದ್ದಳು. "ಅಳೂದು ಬೇಡ. ಸಂತೇಲಿ ಆಡಿದ ಮಾತನ್ನ ಇಲ್ಲಿ ಬಂದು ವಾಪಸ್ ತಕಂಡ್ರೆ ಯಾರಿಗೆ ಕೇಳ್ತದೆ? ಇಲ್ಲಿ ನಾನು, ಕಾಗೆ, ಎರಡೇ. ಶನಿವಾರ ಬನ್ನಿ. ಮಳೆಗಾಲದ ಮೊದ್ಲಿನ ಸಂತೆ, ಜನ ಇರ್ತದೆ."

ಬುಧವಾರ ನನಗೆ ಸೊಂಟ ನೋಯಿತು. ಗುರುವಾರ ಗಂಟಲು. ಶುಕ್ರವಾರ ಹಣೆ ಮುಟ್ಟಿ ಮುಟ್ಟಿ ಜ್ವರವಿದೆಯೇ ನೋಡಿಕೊಂಡೆ. ಯಜಮಾನರು ಥರ್ಮಾಮೀಟರ್ ತಂದುಕೊಟ್ಟರು. ಜ್ವರ ಇರಲಿಲ್ಲ.

ನಿನ್ನೆ ಹೋದೆ. ಮಳೆಗಾಲಕ್ಕೆ ಒಣಮೀನು ಕೂಡಿಡುವವರ ಸಂತೆ, ಕಾಲಿಡಲು ಜಾಗವಿರಲಿಲ್ಲ. ಆ ಭಟ್ಕಳದ ಹೆಂಗಸನ್ನು ಹುಡುಕಿದೆ, ಅವರಿರಲಿಲ್ಲ. ಆದರೆ ನನ್ನ ಶಿಷ್ಯಂದಿರೇ ನಾಲ್ಕು ಮಂದಿ ಚೀಲ ಹಿಡಿದು ಓಡಾಡುತ್ತಿದ್ದರು, "ಅಕ್ಕೋರೆ, ಆರಾಮಾ?" ಎಂದು ಕೇಳಿದರು. ಮಾದೇವಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಪಕ್ಕದ ಬುಟ್ಟಿಗಳ ಮುಂದೆ ಜನ, ಅವಳ ಮುಂದೆ ಒಬ್ಬರೋ ಇಬ್ಬರೋ. ನಾನು ಅವಳ ಪಕ್ಕ ಹೋಗಿ ಜನರ ಕಡೆ ಮುಖ ಮಾಡಿ ನಿಂತೆ.

"ಮಾದೇವಿ ಸಿಗಡಿಲಿ ಹೊಯ್ಗೆ ಬಂದಿದ್ದು ಅವಳ ತಪ್ಪಲ್ಲ" ಎಂದೆ. "ದಿಬ್ಬದ ಬಳ್ಳಿ ಕಿತ್ತವಳು ನಾನು. ಮೋಸ ಮಾಡಿದ್ದು ನಾನು."

ತೂಕದವರ ಗಲಾಟೆಯಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಯಾರೂ ತಿರುಗಲಿಲ್ಲ. ಹೇಳಿದ್ದಾಯಿತಲ್ಲ ಎಂದು ಒಂದು ಕ್ಷಣ ಹಗುರವಾಗಿ, ಕೂರಲು ಹೊರಟೆ.

"ಕೇಳ್ಲಿಲ್ಲ ಅಕ್ಕೋರೆ" ಎಂದಳು ಮಾದೇವಿ, ಬುಟ್ಟಿಯಿಂದ ಕಣ್ಣೆತ್ತದೆ. "ಅವತ್ತಿನಷ್ಟು ಜೋರಾಗಿ ಹೇಳಿ."

ನಾನು ಮತ್ತೆ ಎದ್ದು ನಿಂತು ಹೇಳಿದೆ. ಈ ಸಲ ಆಚೆ ಸಾಲಿನವರೂ ತಿರುಗಿ ನೋಡಿದರು.